‘ಎಕ್ಸ್‌ಟ್ರಾವಗನ್ಸ್’ ಎಂದರೇನು?

ಒಮ್ಮೆ ತರಗತಿಯಲ್ಲಿ ಹುಡುಗರಿಗೆ ಇಂಗ್ಲಿಷಿನ ಒಂದು ಭಾಗವನ್ನು ಕನ್ನಡಕ್ಕೆ ಭಾಷಾಂತರಿಸಲು ಕೊಟ್ಟಿದ್ದೆ. ಅದರಲ್ಲಿ ‘ಎಕ್ಸ್‌ಟ್ರಾವಗಂಟ್ ಪ್ರೇಸ್’ ಎಂಬ ಮಾತು ಬಂದಿತ್ತು. ಒಬ್ಬ ಹುಡುಗ ‘ದುಂದುವೆಚ್ಚದ ಹೊಗಳಿಕೆ’ ಎಂದು ಬರೆದ, ತರಗತಿಯೆಲ್ಲ ನಕ್ಕಿತು. ಇನ್ನೊಬ್ಬ ‘ಎಲ್ಲೆ ಮೀರಿದ ಹೊಗಳಿಕೆ’ ಎಂದು ಬರೆದಿದ್ದ. ಅರ್ಥವೇನೋ ಕೂಡುತ್ತದೆ, ಆದರೆ ಮೂಲದಲ್ಲಿ ಎಲ್ಲೆಯ ಮಾತೇ ಇಲ್ಲವಲ್ಲ ಎಂದು ನಾನು ಅರ್ಧ ಅಂಕ ಕಳೆದೆ. ಸಂಜೆ ಮನೆಯಲ್ಲಿ ದೊಡ್ಡ ನಿಘಂಟನ್ನು ತೆರೆದಾಗ ತಪ್ಪು ನನ್ನದೆಂದು ತಿಳಿಯಿತು.

ಕೇಳುಗರೆ, ಈ ಪದದ ತವರು ಲ್ಯಾಟಿನ್ ಭಾಷೆ. ‘ಎಕ್ಸ್‌ಟ್ರಾ’ ಎಂದರೆ ಹೊರಗೆ. ‘ವಗಾರಿ’ ಎಂದರೆ ಅಲೆಯುವುದು. ನೆಲೆಯಿಲ್ಲದೆ ತಿರುಗುವವನನ್ನು ‘ವ್ಯಾಗಬಾಂಡ್’ ಎನ್ನುತ್ತಾರಲ್ಲ, ಆ ಪದವೂ ಇದೇ ಧಾತುವಿನಿಂದ ಹುಟ್ಟಿದ್ದು. ಎಲ್ಲೆಯಿಂದಾಚೆ ಅಲೆಯುವುದೇ ಇದರ ಮೂಲಾರ್ಥ. ಹಣದ ಸುಳಿವೇ ಅದರಲ್ಲಿಲ್ಲ. ಕ್ರೈಸ್ತ ಧರ್ಮಶಾಸ್ತ್ರದಲ್ಲಿ, ಅಧಿಕೃತ ಸಂಗ್ರಹಗಳಿಗೆ ಸೇರದೆ ಹೊರಗುಳಿದಿದ್ದ ಪೋಪರ ಶಾಸನಗಳಿಗೆ ‘ಎಕ್ಸ್‌ಟ್ರಾವಗಾಂಟೆಸ್’ ಎಂದೇ ಹೆಸರು. 1600ರ ಸುಮಾರಿನ ‘ಹ್ಯಾಮ್ಲೆಟ್’ ನಾಟಕದಲ್ಲಿ, ರಾತ್ರಿ ಹೊರಗೆ ಅಲೆದು ಕೋಳಿ ಕೂಗಿದೊಡನೆ ತನ್ನ ಎಡೆಗೆ ಮರಳುವ ಪ್ರೇತಕ್ಕೆ ಷೇಕ್ಸ್‌ಪಿಯರ್ ಈ ವಿಶೇಷಣವನ್ನು ಬಳಸಿದ್ದಾನೆ. ಪ್ರೇತವೇನು ದುಡ್ಡು ಚೆಲ್ಲೀತೆ? ಹಣವನ್ನು ಮಿತಿಮೀರಿ ವೆಚ್ಚಮಾಡುವುದೆಂಬ ಅರ್ಥ ಬಳಕೆಗೆ ಬಂದುದು 18ನೆಯ ಶತಮಾನದಲ್ಲಿ.

ಮರುದಿನ ಆ ಹುಡುಗನಿಗೆ ಅರ್ಧ ಅಂಕವನ್ನು ಹಿಂದಕ್ಕೆ ಕೊಟ್ಟೆ.

ಇಂಗ್ಲಿಷಿನಲ್ಲಿ ಖರ್ಚಿಗೂ ಹೊಗಳಿಕೆಗೂ ಆಸೆಗೂ ಈ ಒಂದೇ ಪದ ಸಲ್ಲುತ್ತದೆ. ನಮ್ಮಲ್ಲಿ ಹಾಗಲ್ಲ. ಖರ್ಚಾದರೆ ದುಂದು, ಮಾತಾದರೆ ಅತಿಶಯೋಕ್ತಿ, ನಡತೆಯಾದರೆ ಅತಿರೇಕ. ಸಂದರ್ಭ ನೋಡಿ ಪದವನ್ನು ಆರಿಸಬೇಕು. ಆದರೆ ಒಳಗಿನ ಭಾವ ನಮಗೆ ಹೊಸದಲ್ಲ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದು ಹಿರಿಯರು ಹೇಳಿದ್ದು ಇದನ್ನೇ. ಕಾಲು ಚಾಚುವುದು ತಪ್ಪಲ್ಲ, ಹಾಸಿಗೆಯ ಅಂಚು ಎಲ್ಲಿದೆಯೆಂದು ತಿಳಿದಿರಬೇಕು. ಸಾಹುಕಾರನಿಗೆ ಸಹಜವಾದ ಖರ್ಚು ಶಾಲಾ ಮೇಷ್ಟರಿಗೆ ಎಲ್ಲೆ ಮೀರಿದ್ದಾಗಬಹುದು.

ಸಂಸ್ಕೃತದ ‘ಮರ್ಯಾದಾ’ ಶಬ್ದಕ್ಕೂ ಎಲ್ಲೆ, ಗಡಿ ಎಂಬುದೇ ಮೊದಲ ಅರ್ಥ. ನಾವೀಗ ಹೇಳುವ ಗೌರವದ ಅರ್ಥ ಆಮೇಲಿನದು. ನನ್ನ ತಂಗಿಯ ಮದುವೆಗೆ ನಮ್ಮ ತಂದೆಯವರು ಇದ್ದ ಒಂದು ಗದ್ದೆಯನ್ನು ಅಡವಿಟ್ಟರು. ಐದು ದಿನದ ಊಟ, ಎರಡು ಮೇಳ ವಾಲಗ, ಬೀಗರ ಕಡೆಯವರಿಗೆಲ್ಲ ಉಡುಗೊರೆ. ‘ಮನೆತನದ ಮರ್ಯಾದೆ ನೋಡಬೇಕಲ್ಲಪ್ಪ’ ಎಂದರು. ಆ ಗದ್ದೆ ಮತ್ತೆ ನಮ್ಮ ಕೈಗೆ ಬರಲಿಲ್ಲ. ಮರ್ಯಾದೆಗಾಗಿ ಮರ್ಯಾದೆಯನ್ನೇ ದಾಟುತ್ತಿದ್ದೇವೆಂದು ಅವರಿಗೆ ಹೇಳುವ ತಿಳಿವಳಿಕೆ ಅಂದು ನನಗಿರಲಿಲ್ಲ, ಇದ್ದಿದ್ದರೂ ಧೈರ್ಯವಿರುತ್ತಿರಲಿಲ್ಲ.

ಬರುವ ವೈಶಾಖದಲ್ಲಿ ನನ್ನ ಮಗಳ ಮದುವೆ. ಮೊನ್ನೆ ಖರ್ಚಿನ ಪಟ್ಟಿ ಬರೆಯಲು ಕುಳಿತಾಗ, ಸಾಮಾನುಗಳ ಹೆಸರಿಗೆ ಮೊದಲೇ ನಮ್ಮಿಂದಾಗುವ ಒಟ್ಟು ಮೊತ್ತವನ್ನು ಬರೆದೆ. ನನ್ನಾಕೆ ಅದನ್ನು ನೋಡಿ, ‘ಇಷ್ಟರಲ್ಲಿ ಆಗುತ್ತದೆಯೆ? ಜನ ಏನೆಂದಾರು?’ ಎಂದು ಕೇಳಿದಳು. ಈ ಪದದ ಕಥೆಯನ್ನು ಅವಳಿಗೂ ಹೇಳಿದೆ. ಪೂರಾ ಒಪ್ಪಿದಳೆನ್ನಲಾರೆ, ಆದರೆ ವಾಲಗದ ಎರಡನೆಯ ಮೇಳವನ್ನು ಅವಳೇ ಹೊಡೆದುಹಾಕಿದಳು.