ಹಾಜಬ್ಬರ ಕಿತ್ತಳೆ

ಕೊರೊನಾ ಬಂದ 2020ರಲ್ಲಿ ಮಂಗಳೂರಿನ ಸೆಂಟ್ರಲ್ ಮಾರ್ಕೆಟ್‌ನ ಸಗಟು ವ್ಯಾಪಾರವನ್ನು ಬೈಕಂಪಾಡಿಯ ಎಪಿಎಂಸಿ ಪ್ರಾಂಗಣಕ್ಕೆ ಕಳಿಸಿದರು. ಅಲ್ಲಿ ರಾಶಿ ಬಿದ್ದ ಕಿತ್ತಳೆ ಕಂಡರೆ ನನಗೆ ಹರೇಕಳ ಹಾಜಬ್ಬರ ನೆನಪು. ಅದೇ ವರ್ಷ ಅವರಿಗೆ ಪದ್ಮಶ್ರೀ ಘೋಷಣೆಯಾಗಿತ್ತು.

ಹಾಜಬ್ಬರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮಂಗಳೂರಿನ ಬೀದಿಯಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದರು. ಒಂದು ದಿನ ವಿದೇಶಿಯರು ಇಂಗ್ಲಿಷಿನಲ್ಲಿ ಬೆಲೆ ಕೇಳಿದರು. ಉತ್ತರ ಹೇಳಲಾಗಲಿಲ್ಲ. ಆ ಸಂಕಟ ಮನಸ್ಸಿನಲ್ಲೇ ಉಳಿಯಿತು. ತಮ್ಮೂರು ನ್ಯೂಪಡ್ಪುವಿನಲ್ಲಿ ಶಾಲೆಯೇ ಇರಲಿಲ್ಲ. ಮಕ್ಕಳಿಗೂ ಹೀಗಾಗಬಾರದು ಅಂದುಕೊಂಡರು. ಹಣ್ಣು ಮಾರಿ ಉಳಿಸಿದ ದುಡ್ಡಿನಲ್ಲೇ ಶಾಲೆಯ ಕೆಲಸ ಶುರುಮಾಡಿದರು. ಕಚೇರಿಗಳಿಗೆ ಅಲೆದರು, ದಾನಿಗಳ ಮನೆಬಾಗಿಲಿಗೆ ಹೋದರು. ಶಾಲೆ ಎದ್ದು ನಿಂತಿತು.

‘ನನ್ನ ಬದುಕು ಯಾತಕ್ಕೆ?’ ಎಂದು ನಮ್ಮ ಎಳೆಯರು ಕೇಳುತ್ತಾರೆ. ದೊಡ್ಡ ಉತ್ತರಕ್ಕಾಗಿ ಕಾಯುತ್ತಾ ಕೊರಗುತ್ತಾರೆ. ಹಾಜಬ್ಬರು ಕಾಯಲಿಲ್ಲ. ತಮ್ಮನ್ನು ನೋಯಿಸಿದ ಕೊರತೆಯನ್ನೇ ಕೆಲಸ ಮಾಡಿಕೊಂಡರು. ಅದಕ್ಕೆಂದು ಕಿತ್ತಳೆ ಬುಟ್ಟಿಯನ್ನು ಇಳಿಸಲೂ ಇಲ್ಲ. ನನಗೆ ತುಂಬಾ ಮುಖ್ಯವೆನಿಸುವುದು ಇದೇ. ಕಸುಬು ಬದಲಾಗಲಿಲ್ಲ, ಅದರ ಗಳಿಕೆ ಯಾರಿಗೆ ಎಂಬುದು ಬದಲಾಯಿತು.

ಪದ್ಮಶ್ರೀ ಬಂದ ಮೇಲೂ ಹಾಜಬ್ಬರು ಕೇಳುತ್ತಿದ್ದುದು ಊರಿಗೊಂದು ಪಿಯು ಕಾಲೇಜು.