ದೆಮಾಕ್‌ನಲ್ಲಿ ಕಡಲು ಒಳಗೆ ಬಂದ ದಾರಿ

ತಿಂಬುಲ್‌ಸ್ಲೋಕೊ ಎಂಬ ಊರಿನಲ್ಲಿ ಮನೆಯೊಳಗೆ ಹೋಗಬೇಕಾದರೆ ಬಾಗಿ ನುಸುಳಬೇಕು. ಬಾಗಿಲನ್ನು ಗಿಡ್ಡವಾಗಿ ಕಟ್ಟಿದ್ದಲ್ಲ. ಉಬ್ಬರದ ನೀರು ಒಳಗೆ ಬಂದಾಗಲೆಲ್ಲ ನೆಲ ಎತ್ತರಿಸಿ, ಮತ್ತೆ ಎತ್ತರಿಸಿ, ಈಗ ಸೂರೇ ತಲೆಗೆ ತಾಗುತ್ತಿದೆ. ಓಣಿಯಿದ್ದ ಕಡೆ ಹಲಗೆಯ ಸಂಕ. ಇಂಡೊನೇಷ್ಯಾದ ಜಾವಾ ದ್ವೀಪದ ಉತ್ತರ ಕರಾವಳಿಯ ದೆಮಾಕ್ ಜಿಲ್ಲೆಯ ಈ ಊರಿನಲ್ಲಿ ಒಂದು ಕಾಲಕ್ಕೆ ಭತ್ತ ಬೆಳೆಯುತ್ತಿತ್ತು.

1980ರ ದಶಕದಲ್ಲಿ ಸಿಗಡಿಗೆ ಬಂಗಾರದ ಬೆಲೆ ಬಂತು. ದಡದ ಮ್ಯಾಂಗ್ರೋವ್ ಕಾಡು, ಅಂದರೆ ಉತ್ತರ ಕನ್ನಡದವರು ಕಾಂಡ್ಲಾ ಎನ್ನುವ ಗಿಡಗಳು, ಕೊಡಲಿಗೆ ಬಲಿಯಾದವು. ಅಲ್ಲಿ ಸಿಗಡಿ ಹೊಂಡಗಳೆದ್ದವು, ಸುತ್ತ ಮಣ್ಣಿನ ಕಟ್ಟೆಗಳು. ಕಗ್ಗ ಭತ್ತ ಬೆಳೆಯುವ ಉಪ್ಪುನೀರಿನ ಗದ್ದೆಗಳಾದ ಗಜನಿಗೆ ಸಿಗಡಿ ಸಾಕಣೆ ನುಗ್ಗಿದ್ದನ್ನು ಕಂಡ ಅಘನಾಶಿನಿ ನದಿ ತೀರದವರಿಗೆ ಈ ಆಸೆ ಹೊಸದೇನಲ್ಲ.

ಕೆಸರಿನ ದಡ ಉಳಿಯುವುದು ಕೊಡುಕೊಳ್ಳುವಿಕೆಯಿಂದ. ಅಲೆ ದಿನವೂ ಒಂದಿಷ್ಟು ಕೆಸರು ಒಯ್ಯುತ್ತದೆ, ಉಬ್ಬರ ಒಂದಿಷ್ಟು ತರುತ್ತದೆ. ಕಾಂಡ್ಲಾದ ಬೇರುಗಳ ನಡುವೆ ಸಿಕ್ಕ ನೀರಿನ ಸೆಳೆತ ತಗ್ಗುತ್ತದೆ. ತಂದ ಕೆಸರು ಅಲ್ಲೇ ತಳಕ್ಕೆ ಕೂರುತ್ತದೆ. ದೆಮಾಕ್‌ನಲ್ಲಿ ಬೇರು ಹೋಯಿತು, ಕೆಸರು ಒಳಬರುವ ದಾರಿಗೆ ಕಟ್ಟೆ ಅಡ್ಡ ಬಂತು. ಕಟ್ಟೆಗೆ ಬಡಿದು ಹಿಂದಿರುಗಿದ ಅಲೆ ಅದರ ಬುಡವನ್ನೇ ಕೊರೆಯಿತು. ಬುಡ ಆಳವಾದಷ್ಟೂ ಇನ್ನೂ ದೊಡ್ಡ ಅಲೆ ಹತ್ತಿರ ಬಂತು. ಒಂದು ಕಟ್ಟೆ ಒಡೆದರೆ ಅದರ ಹಿಂದಿನ ಹೊಂಡದ ಸರದಿ. ಕೆಲವೆಡೆ ದಡ ಒಂದು ಕಿಲೋಮೀಟರಿಗೂ ಹೆಚ್ಚು ಹಿಂದೆ ಸರಿದಿದೆ.

2015ರಲ್ಲಿ ಸುಮಾರು 20 ಕಿಲೋಮೀಟರ್ ಕರಾವಳಿಗೆಂದು ಇಂಡೊನೇಷ್ಯಾ ಸರ್ಕಾರ, ವೆಟ್‌ಲ್ಯಾಂಡ್ಸ್ ಇಂಟರ್‌ನ್ಯಾಷನಲ್ ಸಂಸ್ಥೆ ಮತ್ತು ಊರಿನವರು ಸೇರಿ ಬೇರೆಯೇ ಉಪಾಯ ಹೂಡಿದರು. ಬಿದಿರು ಗೂಟಗಳ ಸಾಲು, ನಡುವೆ ರೆಂಬೆ-ಕಡ್ಡಿಗಳ ಕಟ್ಟು. ಈ ತಡೆ ಅಲೆಯನ್ನು ನಿಲ್ಲಿಸುವುದಿಲ್ಲ, ಅದರ ಕಸುವನ್ನು ಹೀರಿ ಒಳಗೆ ಬಿಡುತ್ತದೆ. ಒಳಗೆ ಕೆಸರು ಕೂತು ಎತ್ತರವಾದ ಕಡೆ, ನೀರಿನಲ್ಲಿ ತೇಲಿಬಂದ ಬೀಜಗಳಿಂದ ಕಾಂಡ್ಲಾ ತಾನಾಗಿಯೇ ಮೊಳೆಯಿತು. ಸಾಲಾಗಿ ಸಸಿ ನೆಟ್ಟು ಫೋಟೊ ತೆಗೆಸಿಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು. ನೆಲ ಹದವಾಗಿದ್ದರೆ ಮಾತ್ರ ಗಿಡ ನಿಲ್ಲುತ್ತದೆ. 2022ರಲ್ಲಿ ವಿಶ್ವಸಂಸ್ಥೆ ಈ ಕೆಲಸವನ್ನು ಜಗತ್ತಿನ ಹತ್ತು ಮಾದರಿ ಪುನಶ್ಚೇತನ ಯೋಜನೆಗಳಲ್ಲಿ ಒಂದೆಂದು ಆರಿಸಿತು.

ಆದರೆ ಬಿದಿರಿಗೆ ಹಡಗುಹುಳು ಬಿತ್ತು. ಹೆಸರಿಗಷ್ಟೇ ಹುಳು, ಜಾತಿಯಲ್ಲಿ ಚಿಪ್ಪಿಯ ಬಂಧು. ಉಪ್ಪುನೀರಿನಲ್ಲಿರುವ ಮರವನ್ನು ಒಳಗಿನಿಂದ ಕೊರೆದು ತಿನ್ನುತ್ತದೆ. ಗೂಟಗಳನ್ನು ಬದಲಿಸುತ್ತಲೇ ಇರಬೇಕಾಯಿತು.

ಅದಕ್ಕಿಂತ ದೊಡ್ಡ ಪೆಟ್ಟು ನೆಲದಡಿಯಿಂದ. ಪಕ್ಕದ ಸೆಮಾರಾಂಗ್ ನಗರ, ಅದರ ಕಾರ್ಖಾನೆಗಳು ಕೊಳವೆಬಾವಿಗಳಿಂದ ಅಂತರ್ಜಲ ಎತ್ತುತ್ತಿವೆ, ಮೇಲಿನ ಮಣ್ಣು ಕುಸಿಯುತ್ತಿದೆ. ಕೆಲವೆಡೆ ವರ್ಷಕ್ಕೆ 8 ಸೆಂಟಿಮೀಟರಿನಷ್ಟು. ಕಡಲು ಎಷ್ಟೇ ಕೆಸರು ತಂದು ಸುರಿದರೂ ಆ ವೇಗಕ್ಕೆ ಸಾಟಿಯಾಗುವುದು ಕಷ್ಟ. ಹೊಸದಾಗಿ ಚಿಗುರಿದ ಕಾಂಡ್ಲಾ ಕೂಡ ನೆಲದ ಜೊತೆ ಕೆಳಗಿಳಿಯುತ್ತದೆ.

ತಿಂಬುಲ್‌ಸ್ಲೋಕೊದವರು ಈಗ ಸ್ಮಶಾನಕ್ಕೂ ಮಣ್ಣು ತುಂಬಿ ಎತ್ತರಿಸಿದ್ದಾರೆ.