ಸಂತೆಯ ದನ ಮತ್ತು ನೆರೆಮನೆಯ ಹಕ್ಕು

(ಅರಳಸುರಳಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಜಾನುವಾರು ಸಂತೆಯಲ್ಲಿ ಹಸು ಕೊಳ್ಳುವವರು ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ಕೆಚ್ಚಲು ಮುಟ್ಟಿ ನೋಡುತ್ತಾರೆ. ಕಿವಿಯ ಒಳಭಾಗ, ಬಾಲದ ಬುಡ, ತೊಡೆಯ ಸಂದುಗಳನ್ನು ನೋಡುವವರು ವಿರಳ. ಉಣುಗುಗಳು ಅಡಗಿರುವುದು ಅಲ್ಲಿಯೇ.

ಉಣುಗು ರಕ್ತವನ್ನಷ್ಟೇ ಹೀರುವುದಿಲ್ಲ. ಬೇಬಿಸಿಯೋಸಿಸ್, ಥೈಲೀರಿಯೋಸಿಸ್‌ಗಳಂಥ ರೋಗಗಳನ್ನೂ ಒಂದು ದನದಿಂದ ಮತ್ತೊಂದಕ್ಕೆ ದಾಟಿಸುತ್ತದೆ. ಮಿಶ್ರತಳಿಯ ಹಸುಗಳು ಇವುಗಳಿಗೆ ಬೇಗ ತುತ್ತಾಗುತ್ತವೆ. ರಕ್ತ ತುಂಬಿದ ಹೆಣ್ಣು ಉಣುಗು ನೆಲಕ್ಕುದುರಿ ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ಹೀಗೆ ಒಂದು ಹಸುವಿನ ಪೀಡೆ ಕೊಟ್ಟಿಗೆಯದಾಗುತ್ತದೆ, ಕೊಟ್ಟಿಗೆಯದು ಊರಿನದಾಗುತ್ತದೆ.

ಮನುಷ್ಯರಿಗೂ ಇದರಿಂದ ಅಪಾಯವಿದೆ. ದನ ಮತ್ತು ಒಂಟೆಗಳ ಮೈಮೇಲಿನ ಹಯಲೋಮಾ ಜಾತಿಯ ಉಣುಗು ಕ್ರಿಮಿಯನ್-ಕಾಂಗೋ ಜ್ವರವನ್ನು ಹರಡುತ್ತದೆ. 2011ರಲ್ಲಿ ಗುಜರಾತಿನಲ್ಲಿ ಆ ಜ್ವರ ಕಾಣಿಸಿಕೊಂಡಾಗ ರೋಗಿಯ ಶುಶ್ರೂಷೆ ಮಾಡಿದ ವೈದ್ಯ ಮತ್ತು ದಾದಿ ಕೂಡ ಪ್ರಾಣ ಕಳೆದುಕೊಂಡರು.

ನಮ್ಮ ಮಲೆನಾಡಿಗೆ ಉಣುಗಿನ ಪಾಠ ಹೊಸದಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಜನರೂ ಜ್ವರದಿಂದ ನರಳಿದರು. ಅದೇ ಮಂಗನ ಕಾಯಿಲೆ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಇದರಿಂದ ತತ್ತರಿಸಿತು. ಈ ಕಾಯಿಲೆಗೆ ನಿರ್ದಿಷ್ಟ ಔಷಧವಿಲ್ಲ. ಹಳೆಯ ಲಸಿಕೆಯ ಬಳಕೆ 2022ರಲ್ಲಿ ನಿಂತುಹೋಯಿತು.

ಇಲ್ಲಿ ಎರಡು ತಪ್ಪು ತಿಳಿವಳಿಕೆಗಳಿವೆ. ಸಂತೆಯಿಂದ ಬಂದ ದನವೇ ಮಂಗನ ಕಾಯಿಲೆ ತಂದಿತೆಂದು ವ್ಯಾಪಾರಿಯನ್ನು ದೂಷಿಸುವುದು ಮೊದಲನೆಯದು. ಆ ಕಾಯಿಲೆಯ ಉಣುಗು ಕಾಡಿನದು. ದನಕ್ಕೆ ಆ ಕಾಯಿಲೆ ಬರುವುದೂ ಇಲ್ಲ. ಹಾಗಾದರೆ ದನಕ್ಕೂ ಇದಕ್ಕೂ ಸಂಬಂಧವೇ ಇಲ್ಲವೆಂದು ಸುಮ್ಮನಾಗುವುದು ಎರಡನೆಯದು. ಬಲಿತ ಉಣುಗು ಹೊಟ್ಟೆ ತುಂಬಿಸಿಕೊಳ್ಳುವುದು ಕಾಡಂಚಿನಲ್ಲಿ ಮೇಯುವ ದನಗಳ ಮೈಮೇಲೆಯೇ. ಅವುಗಳ ಸಂತಾನವೇ ಮುಂದೆ ಸೊಪ್ಪು, ಸೌದೆ ತರಲು ಹೋದವರನ್ನು ಕಚ್ಚುತ್ತದೆ. ಆದ್ದರಿಂದ ದನದ ಮೈ ಶುಚಿಯಾಗಿಡುವುದು ಮನುಷ್ಯರ ಪ್ರಾಣರಕ್ಷಣೆಯ ಕೆಲಸವೂ ಹೌದು.

ಸಹೋದರರೇ, ರೋಗವಿರುವ ಒಂಟೆಗಳನ್ನು ಆರೋಗ್ಯವಂತ ಒಂಟೆಗಳ ಬಳಿಗೆ ತರಬಾರದೆಂದು ಪ್ರವಾದಿ(ಸ)ರು ತಾಕೀತು ಮಾಡಿದ್ದರು. ಮಾರುವ ವಸ್ತುವಿನ ದೋಷವನ್ನು ಮುಚ್ಚಿಡುವುದು ವಂಚನೆಯೆಂದೂ ಕಲಿಸಿದರು. ಸಂತೆಯ ಮುಂಜಾನೆ ದನಕ್ಕೆ ಮೈತೊಳೆಸಿ, ಕಣ್ಣಿಗೆ ಬೀಳುವ ನಾಲ್ಕು ಉಣುಗು ಕಿತ್ತೆಸೆದು, ಜ್ವರದ ವಿಷಯವನ್ನು ಮುಚ್ಚಿಟ್ಟು ಹಗ್ಗ ಕೈಗೆ ಕೊಡುವವನು ಈ ಎರಡು ಮಾತುಗಳನ್ನೂ ಮೀರುತ್ತಾನೆ. ಕೊಂಡವನು ಸಾಲ ಮಾಡಿದ ಬಡವನಾಗಿದ್ದರೆ ಆ ಒಂದು ಹಸುವೇ ಅವನ ಮಕ್ಕಳ ಅನ್ನ. ಅದು ಸತ್ತರೆ ಸಾಲ ಮಾತ್ರ ಉಳಿಯುತ್ತದೆ.

ಮಾಡಬೇಕಾದುದು ಕಷ್ಟದ ಕೆಲಸವಲ್ಲ. ಹೊಸದಾಗಿ ತಂದ ದನವನ್ನು ಕೆಲವು ದಿನ ಬೇರೆಯಾಗಿ ಕಟ್ಟಿರಿ. ಪಶುವೈದ್ಯರನ್ನು ಕೇಳಿಯೇ ಔಷಧ ಹಚ್ಚಿರಿ. ಔಷಧದ ನಂತರ ಎಷ್ಟು ದಿನ ಹಾಲು ಬಳಸಬಾರದೆಂಬುದನ್ನೂ ಕೇಳಿರಿ. ಉಣುಗನ್ನು ಬರಿಗೈಯಲ್ಲಿ ಹಿಸುಕಬೇಡಿರಿ. ಕೊಟ್ಟಿಗೆಯ ಗೋಡೆಯ ಬಿರುಕುಗಳನ್ನು ಮುಚ್ಚಿರಿ. ಕಾಡಿಗೆ ಹೋಗುವವರು ಆರೋಗ್ಯ ಇಲಾಖೆ ಕೊಡುವ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಲಿ. ಹಠಾತ್ ಜ್ವರ, ತೀವ್ರ ತಲೆನೋವು, ಮೈಕೈ ನೋವು ಕಂಡರೆ ಮನೆಮದ್ದಿನಲ್ಲಿ ದಿನ ಕಳೆಯದೆ ಆಸ್ಪತ್ರೆಗೆ ಧಾವಿಸಲಿ.

ಸರಕಾರಕ್ಕೂ ಹೊಣೆಯಿದೆ. ಸಂತೆಯ ಸುಂಕ ಪಡೆಯುವವರು ಸಂತೆಯ ಬಾಗಿಲಲ್ಲಿ ಒಬ್ಬ ಪಶುವೈದ್ಯನನ್ನೂ ಔಷಧ ಸಿಂಪಡಿಸುವ ಒಂದು ಪಂಪನ್ನೂ ಇರಿಸಲಾರರೇ? ಮಂಗ ಸತ್ತಾಗಲಷ್ಟೇ ಎಚ್ಚರಗೊಳ್ಳುವ ಆಡಳಿತವನ್ನು ಮಲೆನಾಡು ಇನ್ನೆಷ್ಟು ಕಾಲ ಸಹಿಸಬೇಕು? ಇದನ್ನು ಎಲ್ಲ ಸಮುದಾಯಗಳವರೂ ಒಟ್ಟಾಗಿ ಗ್ರಾಮಸಭೆಯಲ್ಲಿ ಕೇಳಬೇಕು. ಉಣುಗು ಯಾರ ಜಾತಿ-ಧರ್ಮವನ್ನೂ ವಿಚಾರಿಸಿ ಕಚ್ಚುವುದಿಲ್ಲ.

ಆದರೆ ಪಂಪು ಬರುವವರೆಗೆ ನಾವು ಕಾಯಬೇಕಾಗಿಲ್ಲ. ಮುಂದಿನ ಸಂತೆಯಲ್ಲಿ ಮಾರುವವನು ನಿಜ ಹೇಳಲಿ, ಕೊಳ್ಳುವವನು ಕಿವಿ ಮಡಚಿ ನೋಡಲಿ. ಇಷ್ಟು ಮಾಡಿದರೆ ನೆರೆಮನೆಯ ಹಕ್ಕನ್ನು ಸಲ್ಲಿಸಲು ತೊಡಗಿದಂತೆ.